ಸೆಪ್ಟೆಂಬರ್ ಏಳನೆಯ ತಿಂಗಳಾಗಿದ್ದ ಕಾಲ

ಇತಿಹಾಸ ಪಾಠ ಮಾಡುವ ನನ್ನನ್ನು ಮಕ್ಕಳು ಆಗಾಗ ಕೇಳುವ ಪ್ರಶ್ನೆಗಳಲ್ಲಿ ತಿಂಗಳ ಹೆಸರುಗಳದೂ ಒಂದು. ಲ್ಯಾಟಿನ್ ಭಾಷೆಯ ಸೆಪ್ಟೆಮ್, ಆಕ್ಟೊ, ನೊವೆಮ್, ಡೆಕೆಮ್ ಎಂಬ ಸಂಖ್ಯೆಗಳು ನಾವು ಬಲ್ಲ ಸಪ್ತ, ಅಷ್ಟ, ನವ, ದಶಗಳ ದಾಯಾದಿಗಳು. ಹಾಗಿದ್ದರೆ ಸೆಪ್ಟೆಂಬರ್ ಏಳನೆಯ ತಿಂಗಳಾಗಬೇಕಿತ್ತಲ್ಲವೇ?

ಆಗಿತ್ತು ಕೂಡ. ರೋಮನ್ನರ ಹಳೆಯ ವರ್ಷ ಮಾರ್ಚ್‌ನಿಂದ ಆರಂಭವಾಗುತ್ತಿತ್ತು. ಕ್ರಿ.ಪೂ. 153ರಿಂದ ಕಾನ್ಸುಲ್ ಎಂಬ ಮುಖ್ಯಾಧಿಕಾರಿಗಳು ಜನವರಿ 1ರಂದು ಅಧಿಕಾರ ವಹಿಸಿಕೊಳ್ಳತೊಡಗಿ, ರಾಜ್ಯದ ವರ್ಷ ಅಲ್ಲಿಂದ ಲೆಕ್ಕಕ್ಕೆ ಬಂತು. ಹೆಸರುಗಳು ಮಾತ್ರ ಹಾಗೆಯೇ ಉಳಿದವು.

ಆ ವರ್ಷಕ್ಕೆ 355 ದಿನ. ಋತುಗಳೊಡನೆ ಹೊಂದಿಸಲು ನಮ್ಮ ಅಧಿಕ ಮಾಸದಂತೆ ಆಗಾಗ ಒಂದು ತಿಂಗಳು ಸೇರಿಸಬೇಕಿತ್ತು. ನಮ್ಮಲ್ಲಿ ಅದಕ್ಕೆ ಗಣಿತದ ನಿಯಮವಿದೆ. ರೋಮಿನಲ್ಲಿ ಅದು ಪುರೋಹಿತ ಮಂಡಲಿಯ ಕೈಯಲ್ಲಿತ್ತು. ಪುರೋಹಿತರು ರಾಜಕಾರಣಿಗಳೂ ಆಗಿದ್ದರು. ಅಧಿಕಾರದ ಅವಧಿ ಒಂದೇ ವರ್ಷ. ಬೇಕಾದವರಿದ್ದಾಗ ವರ್ಷವನ್ನು ಹಿಗ್ಗಿಸುವುದು, ಬೇಡದವರಿದ್ದಾಗ ಕುಗ್ಗಿಸುವುದು ನಡೆಯುತ್ತಿತ್ತೆಂದು ರೋಮನ್ ಲೇಖಕರೇ ದೂರಿದ್ದಾರೆ. ಜೂಲಿಯಸ್ ಸೀಸರನ ಕಾಲಕ್ಕೆ ಪಂಚಾಂಗ ಋತುಗಳಿಗಿಂತ ಸುಮಾರು ಮೂರು ತಿಂಗಳು ಮುಂದೋಡಿತ್ತು. ಸುಗ್ಗಿ ಹಬ್ಬ ಬೇಸಿಗೆಯ ಕೊಯ್ಲಿಗೆ ಹೊಂದುತ್ತಿರಲಿಲ್ಲ. ಬೇಸಾಯ ಬಲ್ಲ ನಮ್ಮೂರಿನವರಿಗೆ ಇದೆಂಥ ಫಜೀತಿ ಎಂದು ಬೇರೆ ಹೇಳಬೇಕಿಲ್ಲ.

ಆ ಮಂಡಲಿಯ ಮುಖ್ಯಸ್ಥ ಸೀಸರನೇ. ಸೋಸಿಜೆನೆಸ್ ಎಂಬ ಖಗೋಳಜ್ಞನ ಸಲಹೆ ಪಡೆದು, ಕ್ರಿ.ಪೂ. 46ನೆಯ ವರ್ಷವನ್ನು 445 ದಿನಗಳಿಗೆ ಎಳೆದು ಋತುಗಳಿಗೆ ಸರಿಹೊಂದಿಸಿದ. ಮರುವರ್ಷದಿಂದ 365 ದಿನ. ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು. ಇನ್ನು ಯಾರ ಮರ್ಜಿಗೂ ವರ್ಷ ಹಿಗ್ಗುವಂತಿರಲಿಲ್ಲ. ನನ್ನ ಮಟ್ಟಿಗೆ, ಅವನ ಯುದ್ಧಗಳಿಗಿಂತ ಇದೇ ದೊಡ್ಡ ಕೆಲಸ.

ಐದನೆಯದೆಂಬ ಅರ್ಥದ ಕ್ವಿಂಟಿಲಿಸ್ ತಿಂಗಳು ಅವನು ಹುಟ್ಟಿದ್ದು. ಕ್ರಿ.ಪೂ. 44ರಲ್ಲಿ, ಅವನ ಕೊಲೆಯಾದ ವರ್ಷವೇ, ಅದು ಜುಲೈ ಆಯಿತು. ಕ್ರಿ.ಪೂ. 8ರಲ್ಲಿ ಆರನೆಯದಾದ ಸೆಕ್ಸ್‌ಟಿಲಿಸ್‌ಗೆ ಅಗಸ್ಟಸ್‌ನ ಹೆಸರು ಬಂತು. ಅಗಸ್ಟಸ್ ಫೆಬ್ರವರಿಯಿಂದ ಒಂದು ದಿನ ಕಿತ್ತು ತನ್ನ ತಿಂಗಳಿಗೆ ಸೇರಿಸಿಕೊಂಡನೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದು ಮಧ್ಯಯುಗದಲ್ಲಿ ಹುಟ್ಟಿದ ಕಟ್ಟುಕಥೆ. ಸೆಕ್ಸ್‌ಟಿಲಿಸ್‌ಗೆ 31 ದಿನ ಕೊಟ್ಟವನು ಸೀಸರನೇ.

ಆಮೇಲಿನವರಿಗೂ ಇದೇ ಆಸೆ. ನೀರೊ ಏಪ್ರಿಲ್‌ಗೆ ತನ್ನ ಹೆಸರಿಟ್ಟ. ಡೊಮಿಷಿಯನ್ ಸೆಪ್ಟೆಂಬರನ್ನು ಜರ್ಮಾನಿಕಸ್, ಅಕ್ಟೋಬರನ್ನು ಡೊಮಿಷಿಯಾನಸ್ ಎಂದು ಕರೆಸಿದ. ಕ್ರಿ.ಶ. 96ರಲ್ಲಿ ಅವನನ್ನು ಕೊಂದ ಮೇಲೆ ರೋಮಿನವರು ಆ ಎರಡನ್ನೂ ಮತ್ತೆ ಏಳು, ಎಂಟು ಎಂದೇ ಕರೆದರು.