ಐನೂರ್ವರು ಹೋದಲ್ಲೆಲ್ಲ ಸುಂಕ

ಹುನಗುಂದ ತಾಲೂಕಿನ ಐಹೊಳೆ ಇಂದು ಗುಡಿಗಳ ಊರು. ಸಾವಿರ ವರ್ಷದ ಹಿಂದೆ ಅದರ ಹೆಸರು ಹಡಗಿನಲ್ಲಿ ಹೊರದೇಶಗಳಿಗೂ ಹೋಗುತ್ತಿತ್ತು. ಮಲಪ್ರಭೆಯ ದಂಡೆಯ ಈ ಊರಿನ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘ ದಕ್ಷಿಣ ಭಾರತದ ತುಂಬ ಹರಡಿ ಕಡಲನ್ನೂ ದಾಟಿತು.

ನಾಡಿನೊಳಗೆ ಸುಂಕದ ಕಾಟ ಕಡಿಮೆ ಇರಲಿಲ್ಲ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳು ಮತ್ತೆ ಮತ್ತೆ ಬರುತ್ತವೆ.

ಊರು ಬಿಟ್ಟು ಹೋದ ಮಾತ್ರಕ್ಕೆ ಬಾಕಿ ಬಿಡುತ್ತಿತ್ತೇ? ಸುಮಾತ್ರಾದ ಬಾರೂಸ್ ಬಳಿ ಸಿಕ್ಕ, ಕ್ರಿ.ಶ. 1088ರ ತಮಿಳು ಶಾಸನ ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿ ಸಭೆ ಸೇರಿದ ಐನೂರ್ವರು ಮಾಡಿದ ಕಟ್ಟಳೆ ಇದು: ಹಡಗಿನ ನಾಯಕನೂ ಅವನ ಜೊತೆಯವರೂ ಕಸ್ತೂರಿಯ ಬೆಲೆಗೆ ಹೊಂದಿಸಿ ಚಿನ್ನದಲ್ಲಿ ಶುಲ್ಕ ಕೊಡಬೇಕು, ಆಮೇಲಷ್ಟೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕು. ರಾಜನಲ್ಲ, ಸಂಘವೇ ಹಾಕಿದ ಕರ! ಈ ವಿವರದಲ್ಲಿ ವರ್ತಕರ ಶಿಸ್ತು ಎದ್ದು ಕಾಣುತ್ತದೆ.

ಊರು ಬಿಟ್ಟು ಹೋದವರ ತೆರಿಗೆಗೆ ಈಗ ಲೆಕ್ಕ ದಿನಗಳದ್ದು. 1961ರ ಆದಾಯ ತೆರಿಗೆ ಕಾಯ್ದೆ 182 ದಿನಗಳ ಗಡಿ ಹಾಕಿತು. ಅಷ್ಟು ದಿನ ದೇಶದಲ್ಲಿದ್ದವರು 'ನಿವಾಸಿ'. ವಿದೇಶದಲ್ಲಿ ನೆಲೆಸಿ ಅನಿವಾಸಿಯಾದರೂ ಇಳಕಲ್ಲಿನ ಮನೆಯ ಬಾಡಿಗೆಗೆ ಭಾರತದಲ್ಲೇ ತೆರಿಗೆ. ಇಲ್ಲಿನ ಆದಾಯ ವಿನಾಯಿತಿ ಮಿತಿ ದಾಟಿದರೆ ರಿಟರ್ನ್ ಕೂಡ ಸಲ್ಲಿಸಬೇಕು. ಬಾಡಿಗೆದಾರನೂ ಹಣ ಕೊಡುವ ಮೊದಲೇ ತೆರಿಗೆ ಮುರಿದುಕೊಳ್ಳಬೇಕು.