ಮುಖಲಕ್ಷಣವೂ ಮನುಷ್ಯನ ಶೀಲವೂ

ಮುಖವನ್ನು ನೋಡಿ ಗುಣವನ್ನು ಅಳೆಯುವ ಅಭ್ಯಾಸ ಬಹು ಪುರಾತನವಾದುದು. ಆಧುನಿಕ ಯುರೋಪಿನಲ್ಲಿ ಅದಕ್ಕೆ ಶಾಸ್ತ್ರದ ಮನ್ನಣೆ ತಂದವನು ಜ್ಯೂರಿಕ್ ನಗರದ ಪಾದ್ರಿ ಲಾವಾಟರ್. 1775ರಿಂದ 1778ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದ ಅವನ ಗ್ರಂಥವು ಹಣೆ, ಮೂಗು, ಗಲ್ಲಗಳ ಆಕಾರದಿಂದ ಶೀಲವನ್ನು ತಿಳಿಯಬಹುದೆಂದು ಸಾರಿತು. ಈ ವಿದ್ಯೆ ಬೆಳೆದರೆ ಅಪರಾಧವೆಸಗುವ ಮುನ್ನವೇ ಮಕ್ಕಳನ್ನು ಗಲ್ಲಿಗೇರಿಸುವ ಕಾಲ ಬಂದೀತೆಂದು ಅವನ ಸಮಕಾಲೀನ ಲಿಖ್ಟೆನ್‌ಬರ್ಗ್ ಎಚ್ಚರಿಸಿದ್ದನು.

1831ರಲ್ಲಿ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್, ತರುಣ ಡಾರ್ವಿನ್ನನ ಮೂಗನ್ನು ಕಂಡು, ಇಂಥವನಲ್ಲಿ ಯಾತ್ರೆಗೆ ಬೇಕಾದ ಚೈತನ್ಯವೂ ದೃಢತೆಯೂ ಇರಲಾರವೆಂದು ಶಂಕಿಸಿದನು. ಸುಮಾರು 5 ವರ್ಷಗಳ ಆ ಯಾತ್ರೆಯೇ ಶಂಕೆಗೆ ಉತ್ತರವಾಯಿತು.

1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ, ದವಡೆ, ಕಿವಿಗಳ ರಚನೆಯಿಂದ ಅಪರಾಧಿಯನ್ನು ಗುರುತಿಸಬಹುದೆಂದನು. ಇಂಗ್ಲೆಂಡಿನ ಗೋರಿಂಗ್ 3,000ಕ್ಕೂ ಮಿಕ್ಕ ಕೈದಿಗಳ ಅಳತೆಗಳನ್ನು ಪರಿಶೀಲಿಸಿ, ಅಂಥದೊಂದು ಪ್ರತ್ಯೇಕ ವರ್ಗವೇ ಇಲ್ಲವೆಂದು 1913ರಲ್ಲಿ ತೋರಿಸಿದನು.

ಇಂದು ಈ ಕೆಲಸವನ್ನು ಯಂತ್ರಗಳಿಗೆ ಒಪ್ಪಿಸಲಾಗುತ್ತಿದೆ. ಶಾಲೆ ಮತ್ತು ಉದ್ಯೋಗಸ್ಥಳಗಳಲ್ಲಿ ಯಂತ್ರದಿಂದ ಮನೋಭಾವ ಅಳೆಯುವುದನ್ನು, ವೈದ್ಯಕೀಯ ಹಾಗೂ ಸುರಕ್ಷತೆಯ ಕಾರಣಗಳ ಹೊರತು, ಯುರೋಪಿನ ಒಕ್ಕೂಟವು 2024ರ ಶಾಸನದಿಂದ ನಿಷೇಧಿಸಿತು. ಮುಖದಲ್ಲಿ ಆ ಕ್ಷಣದ ಭಾವ ಹೊಳೆಯಬಹುದು. ಶೀಲವು ತಿಳಿಯುವುದು ಬಹುಕಾಲದ ನಡೆಯಿಂದಲೇ. ಅಂಗಡಿಗೆ ನೌಕರನನ್ನು ಆರಿಸುವವರೂ ಮನೆಗೆ ಸೊಸೆಯನ್ನು ತರುವವರೂ ಇದನ್ನು ಮರೆಯಬಾರದು.