ವಿಮಾ ನಿಗಮದ ಸಂದರ್ಶನಕ್ಕೆ ತಯಾರಿ

1956ರ ಜನವರಿ 19ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಜೀವ ವಿಮಾ ಕಂಪನಿಗಳ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಸೆಪ್ಟೆಂಬರ್ 1ರಂದು ದೇಶಿ, ವಿದೇಶಿ ಕಂಪನಿಗಳೂ ಪ್ರಾವಿಡೆಂಟ್ ಸೊಸೈಟಿಗಳೂ ಸೇರಿ ಒಟ್ಟು 245 ಸಂಸ್ಥೆಗಳ ವ್ಯವಹಾರ ಭಾರತೀಯ ಜೀವ ವಿಮಾ ನಿಗಮಕ್ಕೆ ಬಂತು. ಅಲ್ಲಿಯವರೆಗೆ ಒಂದೊಂದು ಕಂಪನಿಯೂ ತನಗೆ ಬೇಕಾದ ನೌಕರರನ್ನು ತಾನೇ ಆರಿಸಿಕೊಳ್ಳುತ್ತಿತ್ತು.

ಇಂದು ಸಹಾಯಕ ಆಡಳಿತಾಧಿಕಾರಿ ಹುದ್ದೆಗೆ ದೇಶದಾದ್ಯಂತ ಸ್ಪರ್ಧೆ. 2023ರ ನೇಮಕಾತಿಯಲ್ಲಿ ಮುಖ್ಯ ಪರೀಕ್ಷೆಗೆ 300 ಅಂಕ, ಸಂದರ್ಶನಕ್ಕೆ 60. ಅರವತ್ತು ಸಣ್ಣದೆನಿಸಬಹುದು, ಆದರೆ ಲಿಖಿತ ಪರೀಕ್ಷೆಯಲ್ಲಿ ಒಂದೆರಡು ಅಂಕಗಳ ಅಂತರದಲ್ಲಿ ನಿಂತವರ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. 2019ರ ಸಹಾಯಕರ ನೇಮಕಾತಿಯಲ್ಲಂತೂ ಸಂದರ್ಶನವೇ ಇರಲಿಲ್ಲ.

ತಯಾರಿಯ ಸರಕಿನಲ್ಲಿ ಇತಿಹಾಸಕ್ಕೆ ದೊಡ್ಡ ಪಾಲು: 1818ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಓರಿಯೆಂಟಲ್ ಕಂಪನಿ, 1870ರ ಬಾಂಬೆ ಮ್ಯೂಚುಯಲ್, 1972ರ ಕಾಯ್ದೆಯಿಂದ ಸಾಮಾನ್ಯ ವಿಮೆಯ ರಾಷ್ಟ್ರೀಕರಣ, 1999ರ ನಿಯಂತ್ರಣ ಪ್ರಾಧಿಕಾರದ ಕಾಯ್ದೆ. ಖಾಸಗಿ ಕಂಪನಿಗಳು 2000ದಲ್ಲಿ ಮಾರುಕಟ್ಟೆಗೆ ಮರಳಿದ ಮೇಲೆ ಪೈಪೋಟಿಯ ಪ್ರಶ್ನೆಯೂ ಸೇರಿಕೊಂಡಿತು.

ಇಸವಿಗಳನ್ನು ಉರುಹೊಡೆದರೆ ಸಾಲದು. ಪಾಲಿಸಿದಾರ ಪ್ರೀಮಿಯಂ ಕಟ್ಟುವ ದಿನ ತಪ್ಪಿಸಿ, ರಿಯಾಯಿತಿ ಅವಧಿಯೊಳಗೇ ತೀರಿಕೊಂಡರೆ ವಿಮಾ ಹಣ ಸಿಗುತ್ತದೆಯೇ? ಸಿಗುತ್ತದೆ, ಬಾಕಿ ಪ್ರೀಮಿಯಂ ಮುರಿದುಕೊಂಡು. ಆ ಅವಧಿ ತಿಂಗಳ ಕಂತಿಗೆ 15 ದಿನ, ಉಳಿದ ಕಂತುಗಳಿಗೆ 30. ಕೌಂಟರಿನಾಚೆ ನಿಂತ ವಿಧವೆಗೆ ಇಷ್ಟನ್ನು ಬಿಡಿಸಿ ಹೇಳಬಲ್ಲವರು ವಿಮೆಯನ್ನು ನಿಜವಾಗಿ ಓದಿದವರು.